ಪೆಳಸು ಮೂಳೆಗೆ ಪ್ಲೇಟು ಸಾಕೇ?

ತೊಡೆಮೂಳೆ ಮುರಿದುಕೊಂಡು ಬಂದವರ ಎಕ್ಸ್‌ರೇ ಕೈಗೆ ಬಂದ ಕೂಡಲೇ ಮೂಳೆವೈದ್ಯರು ಎಲ್ಲಿ ಮುರಿದಿದೆ ಎಂದು ನೋಡುತ್ತಾರೆ. ಗಟ್ಟಿ ಮೂಳೆಗೆ ಅಷ್ಟು ನೋಡಿದರೆ ಬಹುಮಟ್ಟಿಗೆ ಸಾಕು. ಆದರೆ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ಪೆಳಸು ಮೂಳೆಯ ಕಾಯಿಲೆ ಇರುವ ವಯಸ್ಕರಲ್ಲಿ ಈಗ ಮುರಿದಿರುವುದು ಒಂದು ಜಾಗವಾದರೂ ಮುಂದೆ ಮುರಿಯಬಹುದಾದದ್ದು ಇಡೀ ಮೂಳೆ. ಹಾಗಾಗಿ ಯಾವುದಕ್ಕೆ ಚಿಕಿತ್ಸೆ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು.

ಹುಟ್ಟುವ ಹದಿನೈದು ಇಪ್ಪತ್ತು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುವ ಕಾಯಿಲೆ ಇದು. ಮೂಳೆಗೆ ಬಿಗಿ ಕೊಡುವ ಕೊಲಾಜೆನ್ ಎಂಬ ನಾರಿನಲ್ಲೇ ದೋಷ. ಅದನ್ನು ಹಾಲು ಕುಡಿಸಿ, ಸುಣ್ಣದಂಶದ ಮಾತ್ರೆ ನುಂಗಿಸಿ ಸರಿಪಡಿಸಲಾಗದು. ಪ್ರಾಯಕ್ಕೆ ಬಂದಮೇಲೆ ಮುರಿತಗಳು ಕಡಿಮೆಯಾಗುತ್ತವೆ, ವೈದ್ಯರ ಒಡನಾಟವೂ ತಪ್ಪುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಮತ್ತೆ ಹೆಚ್ಚುತ್ತವೆ.

ಈ ರೋಗದ ಶಸ್ತ್ರಚಿಕಿತ್ಸೆ ಬೆಳೆದದ್ದೆಲ್ಲ ಮಕ್ಕಳ ಸುತ್ತ. ಬಾಗಿದ ಮೂಳೆಯನ್ನು ಹಲವು ಕಡೆ ಕತ್ತರಿಸಿ, ನೆಟ್ಟಗೆ ಮಾಡಿ, ಒಳಗೆ ರಾಡ್ ಪೋಣಿಸುವ ಕ್ರಮವನ್ನು ಸೋಫೀಲ್ಡ್ ಮತ್ತು ಮಿಲ್ಲರ್ 1959ರಲ್ಲಿ ವಿವರಿಸಿದರು. ಮಗು ಬೆಳೆದಂತೆ ತಾನೂ ಉದ್ದವಾಗುವ ರಾಡನ್ನು ಬೇಲಿ ಮತ್ತು ಡುಬೋ 1963ರಲ್ಲಿ ತಂದರು. ಹಾಗಾಗಿ ಕಾಯಿಲೆ ಬಲ್ಲವರು ಮಕ್ಕಳ ಮೂಳೆತಜ್ಞರು, ದೊಡ್ಡವರ ಮುರಿತ ಬಲ್ಲವರು ಅಪಘಾತ ವಿಭಾಗದವರು. ಹದಿನೆಂಟು ದಾಟಿದ ರೋಗಿ ಇಬ್ಬರ ನಡುವೆ ಸಿಕ್ಕಿಕೊಳ್ಳುತ್ತಾನೆ.

ಅಪಘಾತ ವಿಭಾಗದ ಕೈಗೆ ಬೇಗ ಸಿಗುವುದು ಪ್ಲೇಟು ಮತ್ತು ಸ್ಕ್ರೂ. ಈ ಮೂಳೆಯಲ್ಲಿ ಸ್ಕ್ರೂ ಕೂರಿಸುವುದು ಗೆದ್ದಲು ಹಿಡಿದ ತೊಲೆಗೆ ಮೊಳೆ ಹೊಡೆದಂತೆ. ಹಿಡಿತ ಸಿಕ್ಕಿತೆಂದೇ ಇಟ್ಟುಕೊಳ್ಳಿ, ಪ್ಲೇಟಿನ ಅಡಿಯ ಮೂಳೆ ಭಾರ ಹೊರುವ ಕೆಲಸವಿಲ್ಲದೆ ಸವೆಯುತ್ತದೆ, ಪ್ಲೇಟು ಮುಗಿಯುವ ತುದಿಯಲ್ಲಿ ಒತ್ತಡವೆಲ್ಲ ಸೇರಿ ಅಲ್ಲೇ ಇನ್ನೊಂದು ಮುರಿತವಾಗುತ್ತದೆ. ಮೂಳೆಯ ಉದ್ದಕ್ಕೂ ಒಳಗಿರುವ ರಾಡ್ ಭಾರವನ್ನು ಹಂಚಿಕೊಳ್ಳುತ್ತದೆ, ಮುಂದೆ ಬಿದ್ದರೂ ಮೂಳೆ ಜರುಗದಂತೆ ಹಿಡಿದಿಡುತ್ತದೆ. ಉದ್ದ ಮೂಳೆಗಳ ಮಟ್ಟಿಗೆ ನನ್ನ ಒಲವು ರಾಡಿನ ಕಡೆಗೇ.

ಹಾಗೆಂದು ಅದು ಸಲೀಸಲ್ಲ. ಮಜ್ಜೆಯ ಕೊಳವೆ ಕಿರಿದು, ಕೆಲವೊಮ್ಮೆ ಮುಚ್ಚಿಯೇ ಹೋಗಿರುತ್ತದೆ. ಸಿದ್ಧ ಅಳತೆಯ ರಾಡುಗಳು ಹಿಡಿಸುವುದಿಲ್ಲ. ಬಾಲ್ಯದಲ್ಲಿ ಹಾಕಿದ ಹಳೆಯ ರಾಡ್ ಒಳಗೇ ಕೂತಿರಬಹುದು. ಮೂಳೆ ಬಾಗಿದ್ದರೆ ಒಂದೆರಡು ಕಡೆ ಕತ್ತರಿಸದೆ ದಾರಿಯಿಲ್ಲ. ಒಂದು ಮುರಿತ ತೋರಿಸಲು ಬಂದವರಿಗೆ ನೀವೇ ಇನ್ನೆರಡು ಮಾಡುತ್ತೀರಲ್ಲ ಎಂದು ಮನೆಯವರು ಕೇಳಿದರೆ ತಪ್ಪೇನಿಲ್ಲ. ಆದರೆ ಬಾಗನ್ನು ಹಾಗೇ ಬಿಟ್ಟರೆ ಅದರ ಹೊರಮೈ ಎಳೆತಕ್ಕೆ ಸಿಕ್ಕಿ ಮತ್ತೆ ಅಲ್ಲೇ ಬಿರಿಯುತ್ತದೆ. ಕೀಲಿನ ಹತ್ತಿರ, ಮುಂಗೈಯಲ್ಲಿ ಪ್ಲೇಟು ತಪ್ಪದಿರಬಹುದು. ಆಗ ಅದು ಉದ್ದವಾಗಿರಲಿ, ಸಾಧ್ಯವಾದರೆ ಜೊತೆಗೊಂದು ರಾಡೂ ಇರಲಿ. ಜರುಗದ ಮುರಿತಕ್ಕೆ ಹಗುರವಾದ ಪಟ್ಟಿ ಹಾಕಿ ಬೇಗ ಓಡಾಡಿಸಿದರೆ ಸಾಕಾಗಬಹುದು. ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಮಲಗಿಸಿದರೆ ಇದ್ದ ಮೂಳೆಯೂ ಸೊರಗುತ್ತದೆ.

ಅಪಾಯ ಚಾಕು ಹಿಡಿಯುವ ಮೊದಲೇ ಶುರುವಾಗುತ್ತದೆ. ಬಿ.ಪಿ. ನೋಡಲು ಕಟ್ಟಿದ ಪಟ್ಟಿ ಬಿಗಿದಾಗ ತೋಳಿನ ಮೂಳೆ ಮುರಿಯಬಹುದು. ಅರಿವಳಿಕೆಗೆಂದು ಕತ್ತು ಹಿಂದಕ್ಕೆ ಬಾಗಿಸಿದರೆ ಬೆನ್ನುಹುರಿಗೆ ಪೆಟ್ಟು ಬೀಳಬಹುದು, ನಳಿಗೆ ಇಳಿಸುವಾಗ ಹಲ್ಲು ಚೂರಾಗಬಹುದು. ಬೆನ್ನು ಸೊಟ್ಟಗಾದವರಲ್ಲಿ ಉಸಿರಾಟದ ಶಕ್ತಿಯೂ ಕಡಿಮೆ. ಎಷ್ಟೋ ಮುರಿತಗಳನ್ನು ಕಂಡ ರೋಗಿ, “ಆ ಕೈಗೆ ಪಟ್ಟಿ ಬೇಡ ಸಾರ್, ನನ್ನನ್ನು ಹೀಗೆ ಎತ್ತಿ” ಎಂದರೆ ಅದನ್ನು ತಕರಾರೆಂದು ತಳ್ಳಿಹಾಕಬಾರದು. ಕೇಸ್ ಶೀಟಿನಲ್ಲಿ ಮೊದಲು ಬರೆದುಕೊಳ್ಳಬೇಕಾದ ಮಾತು ಅದು.

ಔಷಧಿಯ ಮೇಲೆ ಭಾರ ಹಾಕಿ ಕೂರುವಂತೆಯೂ ಇಲ್ಲ. ಬಿಸ್ಫಾಸ್ಫೊನೇಟ್ ಎಂಬ ಮೂಳೆಯ ಔಷಧಿ ವಯಸ್ಕರಲ್ಲಿ ಮೂಳೆಯ ಸಾಂದ್ರತೆ ಹೆಚ್ಚಿಸುತ್ತದೆ, ಆದರೆ ಮುರಿತ ತಗ್ಗಿಸುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಪೆಟ್ಟೇ ಬೀಳದೆ ತೊಡೆಮೂಳೆ ಬಿರುಕು ಬಿಡುವುದೂ ಉಂಟು. ಅಂಥವರು ತೊಡೆ ನೋವೆಂದರೆ ಎಕ್ಸ್‌ರೇ ತೆಗೆಸಲೇಬೇಕು.

ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಈ ರೋಗವನ್ನು ಎರಡನೇ ಗುಂಪಿನಲ್ಲಿ ಹೆಸರಿಸಿದೆ, ಎದುರಿಗೆ ಬರೆದಿರುವ ಚಿಕಿತ್ಸೆ ಬಿಸ್ಫಾಸ್ಫೊನೇಟ್. ನೀತಿಯಡಿ ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಕೂಡ ಒಂದು. ನೀತಿಯಲ್ಲಿ ಈ ರೋಗದ ಹೆಸರಿರುವ ಸಾಲಿನಲ್ಲಿ ಔಷಧಿಯ ಪಕ್ಕಕ್ಕೆ ವಯಸ್ಕರ ಶಸ್ತ್ರಚಿಕಿತ್ಸೆಯನ್ನೂ ಬರೆಯಬೇಕು. ಮಕ್ಕಳ ಮೂಳೆತಜ್ಞರನ್ನೂ ದೊಡ್ಡವರ ಮೂಳೆತಜ್ಞರನ್ನೂ ಒಂದೇ ಮೇಜಿಗೆ ಕೂರಿಸುವ ಒಂದು ಆಸ್ಪತ್ರೆಯನ್ನಾದರೂ ಪ್ರತಿ ರಾಜ್ಯದಲ್ಲಿ ಗೊತ್ತುಮಾಡಬೇಕು. ಗಾಯ ತೆರೆದುಕೊಂಡಿಲ್ಲದಿದ್ದರೆ, ರಕ್ತದ ಓಟ ನಿಂತಿಲ್ಲದಿದ್ದರೆ, ಮುರಿತಕ್ಕೆ ಪಟ್ಟಿ ಕಟ್ಟಿ ರೋಗಿಯನ್ನು ಅಂಥ ಆಸ್ಪತ್ರೆಗೆ ಕಳಿಸುವಷ್ಟು ಹೊತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ.