ಸಿಗಲಿಲ್ಲ ಅಂತ ಬರೆಯೋಕೆ ಯಾಕಿಷ್ಟು ಕಷ್ಟ?

ಸೆಮಿಸ್ಟರ್ ಶುರುವಾಗೋ ಮುಂಚಿನ ಭಾನುವಾರ ನಾವು ನಾಲ್ಕು ಜನ ಶಿವಗಂಗೆ ಬೆಟ್ಟ ಹತ್ತಿದ್ವಿ. ತುದಿಯಲ್ಲಿ ಯಾರೋ ಬಚ್ಚಿಟ್ಟಿದ್ದ ಒಂದು ಪುಟ್ಟ ಡಬ್ಬಿ ಹುಡುಕೋದು ನಮ್ಮ ಪ್ಲಾನ್. ಡಬ್ಬಿ ಸಿಗಲಿಲ್ಲ. ಇಳಿಯುವಾಗ ನಮ್ಮನಮ್ಮಲ್ಲೇ ಒಂದು ಜಗಳ ಆಯ್ತು. ಈ ಲೇಖನ ಆ ಜಗಳದ ಬಗ್ಗೆ.

ಈ ಆಟದ ಹೆಸರು ಜಿಯೋಕ್ಯಾಶಿಂಗ್. 2000ನೇ ಇಸವಿ ಮೇ ತಿಂಗಳ ತನಕ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗೋ ಜಿಪಿಎಸ್ ಸಿಗ್ನಲ್‌ನಲ್ಲಿ ಬೇಕಂತಲೇ ತಪ್ಪು ಸೇರಿಸ್ತಿತ್ತು. ನೀವು ನಿಂತ ಜಾಗ ನೂರು ಮೀಟರ್ ಆಚೆ ತೋರಿಸಿದರೂ ಆಶ್ಚರ್ಯ ಇರಲಿಲ್ಲ. ಆ ತಪ್ಪನ್ನು ತೆಗೆದುಹಾಕಿದ ಮೇಲೆ, ಮೇ 3ರಂದು ಡೇವ್ ಉಲ್ಮರ್ ಅನ್ನೋರು ಒರೆಗಾನ್ ರಾಜ್ಯದಲ್ಲಿ ಒಂದು ಬಕೆಟ್ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನ ಇಂಟರ್‌ನೆಟ್‌ನಲ್ಲಿ ಹಾಕಿದರು. ಜನ ಹುಡುಕಿಕೊಂಡು ಹೋದರು. ಅಲ್ಲಿಂದ ಶುರುವಾದ ಆಟ ಇದು. ನಿಯಮ ಸರಳ: ಡಬ್ಬಿ ಹುಡುಕಿ, ಒಳಗಿರೋ ಚೀಟಿಯಲ್ಲಿ ಹೆಸರು ಬರೆದು, ಇದ್ದ ಜಾಗದಲ್ಲೇ ವಾಪಸ್ ಇಡಬೇಕು. ಆಮೇಲೆ ಆ್ಯಪ್‌ನಲ್ಲಿ ‘ಸಿಕ್ತು’ ಅಥವಾ ‘ಸಿಗಲಿಲ್ಲ’ ಅಂತ ದಾಖಲಿಸಬೇಕು.

ಮೆಜೆಸ್ಟಿಕ್‌ನಿಂದ ಬಸ್ಸು, ಡಾಬಸ್‌ಪೇಟೆಯಿಂದ ಆಟೋ. ದಾರಿಯಲ್ಲಿ ಒಳಕಲ್ಲು ತೀರ್ಥ ಸಿಗುತ್ತೆ. ಬಂಡೆಯೊಳಗಿನ ಕುಳಿಗೆ ಕೈ ಹಾಕಬೇಕು, ಪುಣ್ಯ ಮಾಡಿದವರಿಗೆ ನೀರು ಸಿಗುತ್ತೆ ಅನ್ನೋ ನಂಬಿಕೆ. ನಾವು ನಾಲ್ಕೂ ಜನ ಕೈ ಹಾಕಿದ್ವಿ. ನಾಲ್ಕೂ ಜನ "ಸಿಕ್ತು, ಸಿಕ್ತು" ಅಂದ್ವಿ.

ಆಮೇಲಿನ ಮೆಟ್ಟಿಲುಗಳು ಕಡಿದು. ಕಬ್ಬಿಣದ ಕಂಬಿ ಹಿಡ್ಕೊಂಡು, ಕೋತಿಗಳಿಂದ ಬ್ಯಾಗ್ ಕಾಪಾಡಿಕೊಂಡು, ನಂದಿ ದಾಟಿ ಮೇಲೆ ಬಂದಾಗ ಫೋನು "ಬಂದಾಯ್ತು" ಅಂತು. ಬಂದಾಯ್ತು ಅಂದ್ರೆ ಏನು? ಬಯಲಲ್ಲಿ ನಿಂತರೂ ಫೋನಿನ ಜಿಪಿಎಸ್‌ಗೆ ಸುಮಾರು ಐದು ಮೀಟರ್ ತಪ್ಪು ಇರುತ್ತೆ. ಪಕ್ಕದಲ್ಲಿ ಬಂಡೆ ಇದ್ದರೆ ಸಿಗ್ನಲ್ ಅದಕ್ಕೆ ಬಡಿದು ಬರೋದರಿಂದ ಇನ್ನೂ ಜಾಸ್ತಿ. ಬಚ್ಚಿಟ್ಟವರ ಫೋನಿಗೂ ಅದೇ ಕಾಯಿಲೆ. ಹಾಗಾಗಿ ಸುತ್ತ ಹತ್ತು ಮೀಟರ್‌ನಲ್ಲಿರೋ ಒಂದೊಂದು ಸಂದಿಯನ್ನೂ ನೋಡಬೇಕಾಯ್ತು. ಒಂದೂವರೆ ಗಂಟೆ ನೋಡಿದ್ವಿ. ಸೌತೆಕಾಯಿ ಮಾರ್ತಿದ್ದ ಅಜ್ಜಿಗೆ ತಡೆಯೋಕಾಗಲಿಲ್ಲ.

"ಏನ್ ಕಳ್ಕಂಡ್ರಪ್ಪಾ?"

"ಒಂದು ಡಬ್ಬಿ ಅಜ್ಜಿ. ನಮ್ಮದಲ್ಲ, ಯಾರೋ ಇಟ್ಟಿದ್ದು."

"ಒಳಗೇನೈತೆ?"

"ಒಂದು ಚೀಟಿ."

ಅಜ್ಜಿ ನಮ್ಮನ್ನ ಮೇಲಿಂದ ಕೆಳಗೆ ನೋಡಿ, "ಕೋತಿ ಹೊತ್ಕೊಂಡು ಹೋಗಿರ್ತೈತೆ, ಸೌತೆಕಾಯಿ ತಿನ್ನಿ" ಅಂದರು. ತಿಂದ್ವಿ.

ಇಳಿಯುವಾಗ ಜಗಳ ಶುರುವಾಯ್ತು. ‘ಸಿಕ್ತು’ ಅಂತ ಒತ್ತಿಬಿಡೋಣ, ಇಷ್ಟು ಹತ್ತಿದ್ದಕ್ಕೆ ಅಷ್ಟಾದರೂ ಬೇಡ್ವಾ ಅಂತ ಇಬ್ಬರು. ಚೀಟಿಯಲ್ಲಿ ಹೆಸರು ಇಲ್ಲದಿದ್ದರೆ ಗೊತ್ತಾಗುತ್ತಲ್ಲ ಅಂತ ಇನ್ನಿಬ್ಬರು. ಡಬ್ಬಿನೇ ಕಾಣೆಯಾಗಿದ್ದರೆ ಚೀಟಿ ಯಾರು ನೋಡ್ತಾರೆ? ವಾದ ಸರಿಯಾಗೇ ಇತ್ತು. ಆದರೆ ಯೋಚನೆ ಮಾಡಿ: ‘ಸಿಗಲಿಲ್ಲ’ ಅನ್ನೋ ದಾಖಲೆ ನೋಡಿದರೆ ಡಬ್ಬಿ ಇಟ್ಟವರು ಬಂದು ಪರೀಕ್ಷೆ ಮಾಡ್ತಾರೆ, ಬೇಕಿದ್ದರೆ ಹೊಸದು ಇಡ್ತಾರೆ. ನಾವು ‘ಸಿಕ್ತು’ ಅಂತ ಸುಳ್ಳು ಬರೆದರೆ, ಅದನ್ನ ನಂಬಿಕೊಂಡು ಇನ್ಯಾರೋ ಇದೇ ಮೆಟ್ಟಿಲು ಹತ್ತಿ, ಇದೇ ಸಂದಿಗಳಲ್ಲಿ ಕೈ ಹಾಕ್ತಾರೆ.

ಈ ‘ಸಿಕ್ತು’ ನಮಗೆ ಎಲ್ಲಿ ಅಭ್ಯಾಸ ಆಯ್ತು? ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬ್ ನೆನಪಿಸ್ಕೊಳ್ಳಿ. ಲೇಸರ್ ತರಂಗಾಂತರ ಕಂಡುಹಿಡಿಯೋ ಪ್ರಯೋಗ. ಉತ್ತರ 650 ನ್ಯಾನೋಮೀಟರ್ ಅಂತ ಮೊದಲೇ ಗೊತ್ತು. ನಮಗೆ ಬಂದಿದ್ದು 720. ಏನು ಮಾಡಿದ್ವಿ? ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ‘ತಂದ್ವಿ’. ರೆಕಾರ್ಡ್‌ಗೆ ಪೂರ್ತಿ ಮಾರ್ಕ್ಸ್. ನಮ್ಮ ಸ್ಕ್ರೀನ್ ದೂರ ತಪ್ಪಾಗಿ ಅಳೆದಿದ್ವಾ, ಗ್ರೇಟಿಂಗ್ ಓರೆಯಾಗಿತ್ತಾ, ಇವತ್ತಿಗೂ ಗೊತ್ತಿಲ್ಲ. 720 ಅಂತಲೇ ಬರೆದಿದ್ದರೆ ಯಾರಾದರೂ ಕೇಳ್ತಿದ್ದರು, ಹುಡುಕ್ತಿದ್ವಿ, ಕಲೀತಿದ್ವಿ.

ಮಾರ್ಕ್ಸ್ ಭಯ ಸುಳ್ಳಲ್ಲ, ನಮಗೂ ಇದೆ. ಅದಕ್ಕೇ ಇದು ವಿದ್ಯಾರ್ಥಿಗಳೊಬ್ಬರ ಮೇಲೆ ಹಾಕೋ ಭಾರ ಅಲ್ಲ. ಲ್ಯಾಬ್ ರೆಕಾರ್ಡ್‌ನಲ್ಲಿ ‘ಉತ್ತರ ಬರಲಿಲ್ಲ, ಕಾರಣ ಇದಿರಬಹುದು’ ಅಂತ ಬರೆಯೋಕೆ ಅರ್ಧ ಪುಟ ಜಾಗ ಕೊಡಿ, ಅದಕ್ಕೂ ಮಾರ್ಕ್ಸ್ ಇಡಿ ಅಂತ ನಮ್ಮ ಮೇಷ್ಟ್ರುಗಳನ್ನ ಕೇಳ್ತೀವಿ. ನಾಳೆ ನಾವೇ ಸೇತುವೆ, ಬ್ರೇಕು, ವೈದ್ಯಕೀಯ ಉಪಕರಣ ಟೆಸ್ಟ್ ಮಾಡೋರು. ಆಗ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕೋ ಅಭ್ಯಾಸ ಕೈಯಲ್ಲೇ ಉಳಿದಿದ್ದರೆ ಕಷ್ಟ.

ಕೊನೆಗೆ ಡಾಬಸ್‌ಪೇಟೆ ಬಸ್ ಸ್ಟಾಪಿನಲ್ಲಿ ನಿಂತು ‘ಸಿಗಲಿಲ್ಲ’ ಒತ್ತಿದ್ವಿ. ಎಲ್ಲೆಲ್ಲಿ ಹುಡುಕಿದ್ವಿ ಅಂತಲೂ ಬರೆದ್ವಿ, ಕೋತಿ ವಿಷಯ ಸೇರಿಸಿ. ಬಸ್ಸಲ್ಲಿ ಕೂತ ಮೇಲೆ ನಮ್ಮಲ್ಲೊಬ್ಬಳು ಮೆಲ್ಲಗೆ, "ಲೋ, ನಂಗೆ ಒಳಕಲ್ಲಲ್ಲಿ ನೀರು ಸಿಕ್ಕಿರ್ಲಿಲ್ಲ ಕಣ್ರೋ" ಅಂದಳು.

ವಿಚಾರಿಸಿ ನೋಡಿದರೆ, ನಾಲ್ಕರಲ್ಲಿ ಮೂವರಿಗೆ ಸಿಕ್ಕಿರಲಿಲ್ಲ.