ಏರು ದಾರಿಯ ತಪ್ಪೇನು?

ದೂರದ ಸೈಕಲ್ ಪ್ರವಾಸ ಮುಗಿಸಿ ಬಂದವರಲ್ಲಿ ಕೆಲವರಿಗೆ ದಾರಿಗಳನ್ನು ಪರೀಕ್ಷೆಯ ಉತ್ತರಪತ್ರಿಕೆಯಂತೆ ತಿದ್ದುವ ಚಟ. ಕಾರವಾರದಿಂದ ಅಂಕೋಲೆಯ ಮೇಲೆ ಕುಮಟೆಗೆ ಹೋಗುವ ಹೆದ್ದಾರಿಗೆ ಮೊದಲ ದರ್ಜೆ. ಕಡಲೂ ಉಂಟು, ಕಾಲಿಗೆ ಸುಖವೂ ಉಂಟು. ಕಾಳಿಯ ಕಣಿವೆ ಹಿಡಿದು ಮಲ್ಲಾಪುರ, ಕೈಗಾ ದಾಟಿ ಯಲ್ಲಾಪುರಕ್ಕೆ ಏರುವ ದಾರಿಗೆ ಎರಡನೆಯದು; ನೋಟ ಚೆನ್ನ, ಆದರೆ ಘಟ್ಟ ಹತ್ತಬೇಕಲ್ಲ!

ಈ ತಕ್ಕಡಿಯನ್ನು ನಾನು ಒಪ್ಪಲಾರೆ. ಘಟ್ಟವಿಲ್ಲದೆ ಆ ನೋಟವೆಲ್ಲಿ? ಸವಾರನಿಗೆ ಏರಿಳಿತದ ಲೆಕ್ಕ ಬೇಕು, ನಿಜ. ಆದರೆ ಅದು ಬೆವರಿನ ಲೆಕ್ಕ, ಚೆಲುವಿನದಲ್ಲ. ಹೆದ್ದಾರಿಯ ಸಮತಟ್ಟಾದರೂ ಎಲ್ಲೆಡೆ ಪ್ರಕೃತಿ ಕೊಟ್ಟದ್ದೇ? ಎಷ್ಟೋ ಕಡೆ ಗುಡ್ಡ ಕಡಿದು ಪಡೆದದ್ದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವೇ ಆ ಹೆದ್ದಾರಿಗೆ ಕುಸಿಯಿತು, ಜೀವಗಳು ಹೋದವು. ಆ ಬೆಲೆಯನ್ನು ಯಾವ ಅಂಕಪಟ್ಟಿ ಕಳೆಯಿತು?

ಇತ್ತ ಮಲ್ಲಾಪುರದ ಬಳಿಯ ಕದ್ರಾ ಜಲಾಶಯವನ್ನು ಕಂಡು ‘ಆಹಾ’ ಎನ್ನುವವರು, ಆ ನೀರಿನಡಿ ಗದ್ದೆ ಮನೆಗಳಿದ್ದುವೆಂಬುದನ್ನೂ ನೆನೆಯಬೇಕು. ನಮ್ಮ ಮನೆಯ ದೀಪಕ್ಕಾಗಿ ಎದ್ದು ಹೋದವರ ನೆಲವದು.

ಹೋಲಿಸಬೇಡಿರೆಂದು ಯಾರೂ ಹೇಳುವುದಿಲ್ಲ. ಹೋಲಿಸುವವರು ಸೈಕಲ್ಲಿನಿಂದ ಇಳಿದು, ಆ ದಾರಿ ಯಾರ ನೆಲವನ್ನು ಕೊಯ್ದಿತು, ಆ ನೀರು ಯಾರ ಅಂಗಳದಲ್ಲಿ ನಿಂತಿತು ಎಂದು ಊರವರನ್ನು ಕೇಳಲಿ. ಅಂಕ ಆಮೇಲೆ ಹಾಕೋಣ.