ಹಳೆಯ ಯೆಜ್ಡಿಗೆ ಹೊಸ ವೇಗವೇಕೆ?

ಪ್ರಿಯ ಶಿಷ್ಯರೇ, ರಾಯಲ್ಪಾಡಿನಲ್ಲಿ ಹಳೆಯ ಯೆಜ್ಡಿಗಳನ್ನು ಬಿಚ್ಚಿ ಕಟ್ಟಿಸುವ ನಿಮ್ಮ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಸಿಲಿಂಡರಿನ ಪೋರ್ಟುಗಳನ್ನು ಉಜ್ಜಿ ಹಿಗ್ಗಿಸಿ ವೇಗ ಹೆಚ್ಚಿಸುವ ಚಪಲವನ್ನು ಖಂಡಿಸುತ್ತೇನೆ. 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಆ 250 ಸಿಸಿ ಎಂಜಿನ್ನಿಗೆ ತಕ್ಕ ಡ್ರಮ್ ಬ್ರೇಕುಗಳನ್ನು ಕೊಟ್ಟಿತ್ತು. ಓಟವನ್ನು ಹೆಚ್ಚಿಸಿ ತಡೆಯನ್ನು ಹಾಗೆಯೇ ಬಿಡುವುದು ಸುಧಾರಣೆಯೇ? ಚಲನಶಕ್ತಿಯು ವೇಗದ ವರ್ಗದಂತೆ ಏರುತ್ತದೆಂಬ ತರಗತಿಯ ಪಾಠ ಮರೆತಿರಾ?

ಮೊದಲು ಕ್ರ್ಯಾಂಕಿನ ಸೀಲುಗಳನ್ನು ಬದಲಿಸಿ. ಅವು ಸವೆದು ಗಾಳಿ ಹೀರಿದರೆ ಪೆಟ್ರೋಲಿನ ಪಾಲು ಕಡಿಮೆಯಾಗಿ, ಎಂಜಿನ್ ಕಾದು ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಎಥೆನಾಲ್ ಬೆರೆತ ಇಂದಿನ ಪೆಟ್ರೋಲನ್ನು ತಾಳುವ ಪೈಪು ಹಾಕಿಸಿ. ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್, 6 ವೋಲ್ಟಿನ ಮಂಕು ದೀಪದ ಬದಲು 12 ವೋಲ್ಟಿನದು, ಇವಕ್ಕೂ ನನ್ನ ಒಪ್ಪಿಗೆಯಿದೆ. ಇಷ್ಟಾದ ಮೇಲೂ ಹಣ ಉಳಿದರೆ ಅದನ್ನು ಬ್ರೇಕಿಗೆ ಹಾಕಿ, ವೇಗಕ್ಕಲ್ಲ.